ತೀರಿಕೊಂಡ ಸೋದರಮಾವನ ಅಂಬಾಸಿಡರ್ ಕಾಣೆಯಾಗಿದೆ. ಹುಡುಕಿ ವಾಪಸ್ ಪಡೆಯುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಿಮ್ಮ ಸೋದರಮಾವನ ಮನೆ. ಅವರ ಹತ್ತಿರ 1966ರ ಅಂಬಾಸಿಡರ್ ಇತ್ತು. ಅವರು ತೀರಿಕೊಂಡ ಮೇಲೆ ಮನೆಗೆ ಬೀಗ ಬಿತ್ತು. ನೀವೆಲ್ಲ ಬೆಂಗಳೂರಿನಲ್ಲಿ. ಈಗ ಹೋಗಿ ನೋಡಿದರೆ ಶೆಡ್ ಖಾಲಿ, ಆರ್‌ಸಿ ಬುಕ್ಕೂ ಇಲ್ಲ. ಹುಡುಕುವುದು ಎಲ್ಲಿಂದ, ಸಿಕ್ಕರೆ ಅದು ನಮ್ಮದಾಗುತ್ತದಾ ಅಂತ ಕೇಳಿದ್ದೀರಿ.

ಆಸೆ ಬಿಡಬೇಡಿ. ನಮ್ಮ ದೊಡ್ಡಪ್ಪನ ಫಿಯೆಟ್ 1100 ಕೂಡ ಹೀಗೇ ಪೆರ್ಲದಿಂದ ಕಾಣೆಯಾಗಿತ್ತು. ಗುಜರಿಗೆ ಹೋಗಿರಬೇಕು ಅಂತ ಮನೆಯವರೆಲ್ಲ ನಂಬಿದ್ದರು. ಕೊನೆಗೆ ಗಡಿ ದಾಟಿ ಕರ್ನಾಟಕದ ವಿಟ್ಲದ ಕಡೆ ಸಿಕ್ಕಿತು. ಇವತ್ತು ನಮ್ಮ ಅಂಗಳದಲ್ಲಿದೆ.

ಯಾರ ಮೇಲಾದರೂ ಅನುಮಾನ ಹೇಳುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಮಾವ ಬದುಕಿದ್ದಾಗಲೇ ಕಾರನ್ನು ಮಾರಿದ್ದರಾ? ಮಾರಿದ್ದರೆ ಅದು ಬೇರೆಯವರ ಕಾರು, ಅಲ್ಲಿಗೆ ಮುಗಿಯಿತು. ಯಾರಿಗಾದರೂ ಓಡಿಸಲು ಕೊಟ್ಟಿದ್ದರಾ, ರಿಪೇರಿಗೆ ಬಿಟ್ಟಿದ್ದರಾ, ಸಾಲಕ್ಕೆ ಅಡವಿಟ್ಟಿದ್ದರಾ, ಅವರು ಹೋದ ಮೇಲೆ ಯಾರಾದರೂ ಎಳೆದುಕೊಂಡು ಹೋದರಾ? ಒಂದೊಂದಕ್ಕೂ ದಾರಿ ಬೇರೆ. ಊರಲ್ಲಿ ಒಮ್ಮೆ ಕಳ್ಳತನ ಅಂತ ಬಾಯಿಬಿಟ್ಟರೆ ಆಮೇಲೆ ಯಾರೂ ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ.

ಮನೆಯಿಂದಲೇ ಶುರುಮಾಡಿ. ನಿಮಗೆ ನಂಬರ್ ಪ್ಲೇಟಿಗಿಂತ ಮುಖ್ಯವಾಗಿ ಬೇಕಾಗಿರುವುದು ಚಾಸಿಸ್ ನಂಬರ್, ಅಂದರೆ ಕಾರಿನ ಮೈಕಟ್ಟಿನ ಮೇಲೇ ಒತ್ತಿರುವ ನಂಬರ್. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಅಲ್ಲಿಯ ನಂಬರ್ ಮಾಡಿಸಬೇಕು ಅನ್ನುವುದು ಕಾನೂನು. ಹಾಗಾಗಿ ತಲಪಾಡಿಯ ಗಡಿ ದಾಟಿ ಹೋದ ಕಾರಿನ ನಂಬರ್ ಈಗ ಬೇರೆಯೇ ಇರಬಹುದು. ಎಂಜಿನ್ ನಂಬರನ್ನೂ ಪೂರ್ತಿ ನಂಬಲಾಗದು. ಅಂಬಾಸಿಡರಿನ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲಕ್ಕೆ ಮಾಮೂಲಿ ಕೆಲಸವಾಗಿತ್ತು. ಚಾಸಿಸ್ ನಂಬರ್ ಮಾತ್ರ ಕಾರಿನ ಜೊತೆಗೇ ಇರುತ್ತದೆ.

ಅದು ಎಲ್ಲಿ ಸಿಗುತ್ತದೆ? ಹಳೆ ಇನ್ಶೂರೆನ್ಸ್ ಪಾಲಿಸಿಯಲ್ಲಿ ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡೂ ಬರೆದಿರುತ್ತಾರೆ. ಸಾಲ ತೆಗೆದು ಕೊಂಡದ್ದಾದರೆ ಬ್ಯಾಂಕಿನ ಕಾಗದದಲ್ಲೂ ಇರುತ್ತದೆ. ನಮ್ಮ ಕಡೆಯ ಹಿರಿಯರು ಯಾವ ಕಾಗದವನ್ನೂ ಬಿಸಾಡುವವರಲ್ಲ. ಭೂತೆರಿಗೆ ರಸೀದಿ, ಅಡಿಕೆ ಮಾರಿದ ಚೀಟಿ, ಮದುವೆ ಕಾಗದ, ಎಲ್ಲ ಒಂದೇ ಕಟ್ಟಿನಲ್ಲಿ ಕಪಾಟಿನ ಮೇಲೆ ಇರುತ್ತವೆ. ಒಂದೊಂದೇ ಬಿಚ್ಚಿ ನೋಡಿ. ನಮಗೆ ಪಾಲಿಸಿ ಸಿಕ್ಕಿದ್ದು ಜಾತಕಗಳ ಕಟ್ಟಿನೊಳಗೆ.

ಆಮೇಲೆ ಫೋಟೊ. ಆ ಕಾಲದಲ್ಲಿ ಊರಲ್ಲಿ ಕಾರು ಇದ್ದ ಮನೆ ಎಷ್ಟು? ಯಾರ ಮದುವೆಯಾದರೂ ದಿಬ್ಬಣಕ್ಕೆ ಅದೇ ಕಾರು ಹೋಗುತ್ತಿತ್ತು. ಅದಕ್ಕೇ ನಿಮ್ಮ ಮನೆಯ ಆಲ್ಬಮ್ ಒಂದನ್ನೇ ನೋಡಿ ಸುಮ್ಮನಾಗಬೇಡಿ. ನೆರೆಮನೆಯವರ, ದೂರದ ನೆಂಟರ ಆಲ್ಬಮ್ ಕೂಡ ನೋಡಿ. ಮದುಮಗಳು ಇಳಿಯುವ ಫೋಟೊದಲ್ಲಿ ನಂಬರ್ ಪ್ಲೇಟ್ ಎಷ್ಟು ಚೆನ್ನಾಗಿ ಬಂದಿರುತ್ತದೆ ಅಂದರೆ ನಿಮಗೇ ಆಶ್ಚರ್ಯವಾಗುತ್ತದೆ. ಕಾರಿಗೆ ಮಾವ ಸ್ವಂತವಾಗಿ ಏನಾದರೂ ಮಾಡಿಸಿದ್ದರಾ ಅಂತಲೂ ಮನೆಯವರನ್ನು ಕೇಳಿ ಬರೆದಿಡಿ. ನಮ್ಮ ದೊಡ್ಡಪ್ಪ ಸಣ್ಣ ಫ್ಯಾನ್ ಕೂರಿಸಲು ಡ್ಯಾಶ್‌ಬೋರ್ಡಿನಲ್ಲಿ ಎರಡು ತೂತು ಕೊರೆಸಿದ್ದರು. ಕಾರಿಗೆ ಬೇರೆ ಬಣ್ಣ ಹೊಡೆದಿದ್ದರೂ ದೊಡ್ಡಮ್ಮ ಆ ತೂತು ನೋಡಿ, ಇದು ನಮ್ಮದೇ ಅಂದರು.

ಇನ್ನು ಆರ್‌ಟಿಓ. ಇಲ್ಲಿ ನಮ್ಮ ಊರಿನ ಚರಿತ್ರೆ ಸ್ವಲ್ಪ ಗೊತ್ತಿರಬೇಕು. ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ಅದಕ್ಕೆ ಮೊದಲು ನಾವು ಕಣ್ಣೂರು ಜಿಲ್ಲೆ. 1956ರ ತನಕ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ. 1966ರ ಕಾರು ಕೇರಳದಲ್ಲಿ ನೋಂದಣಿಯಾಗಿದ್ದರೆ ಕೆಎಲ್‌ಸಿ ಅಂತ ಶುರುವಾಗುವ ಕಣ್ಣೂರಿನ ನಂಬರ್ ಇರುವ ಸಾಧ್ಯತೆ ಜಾಸ್ತಿ. ಮಂಗಳೂರಿನಲ್ಲಿ ಕೊಂಡ ಕಾರಾದರೆ ಎಂವೈಎಕ್ಸ್ ಇರಬಹುದು. ನಮ್ಮವರ ವ್ಯಾಪಾರ, ಆಸ್ಪತ್ರೆ ಎಲ್ಲ ಮಂಗಳೂರಿನಲ್ಲೇ ಅಲ್ವಾ, ಕಾರೂ ಅಲ್ಲಿಂದಲೇ ಬರುತ್ತಿತ್ತು. ಫೈಲ್ ಯಾವ ಊರಿನಲ್ಲಿ ಹುಡುಕಬೇಕು ಅನ್ನುವುದನ್ನು ಈ ಮೂರು ಅಕ್ಷರ ಹೇಳುತ್ತವೆ.

ಗಾಡಿಯ ವಿವರ ತೋರಿಸುವ ಸರಕಾರಿ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಸಿಗದಿದ್ದರೆ ಬೇಸರ ಬೇಡ. ಇಷ್ಟು ಹಳೆಯ ದಾಖಲೆ ಎಷ್ಟೋ ಸಲ ಕಂಪ್ಯೂಟರಿಗೆ ಏರಿರುವುದಿಲ್ಲ, ರಿಜಿಸ್ಟರ್ ಪುಸ್ತಕದಲ್ಲೇ ಇರುತ್ತದೆ. ಆರ್‌ಟಿಓ ಕಚೇರಿಗೆ ವಾರಸುದಾರರಾಗಿ ಅರ್ಜಿ ಕೊಡಿ. ಮರಣ ಪ್ರಮಾಣಪತ್ರದ ನಕಲು ಜೊತೆಗಿಡಿ. ಹೆಸರು ಬದಲಾಗಿದೆಯಾ, ಬೇರೆ ರಾಜ್ಯಕ್ಕೆ ಎನ್‌ಓಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ಹೋಗಿದೆಯಾ, ಹೋಗಿದ್ದರೆ ಯಾವ ತಾರೀಖಿಗೆ ಅಂತ ಕೇಳಿ. ತಾರೀಖು ಬಹಳ ಮುಖ್ಯ. ಮಾವ ತೀರಿಕೊಂಡ ಮೇಲಿನ ತಾರೀಖಿಗೆ ಅವರ ಸಹಿಯ ಅರ್ಜಿ ಇದ್ದರೆ ನಿಮ್ಮ ಕೇಸ್ ಅಲ್ಲೇ ಅರ್ಧ ಗೆದ್ದಂತೆ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, ಫೀಸು 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕಾಸರಗೋಡಿನ ಕನ್ನಡಿಗರು ಇದನ್ನು ಬಳಸಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಕಾರು ಸಿಗುವುದು ಕಾಗದದಿಂದಲ್ಲ, ಜನರಿಂದ. ಮುಳ್ಳೇರಿಯ, ಕುಂಬಳೆ, ಸೀತಾಂಗೋಳಿ, ಪುತ್ತೂರು, ವಿಟ್ಲ, ಈ ಕಡೆಯ ಹಳೆ ಮೆಕ್ಯಾನಿಕ್‌ಗಳನ್ನು ಹುಡುಕಿ. ಟಿಂಕರಿಂಗ್ ಮಾಡುವವರು, ಬಾಡಿಗೆ ಕಾರು ಓಡಿಸುತ್ತಿದ್ದ ಡ್ರೈವರ್‌ಗಳು, ಗುಜರಿಯವರು, ಎಲ್ಲರನ್ನೂ ಕೇಳಿ. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಹಳೆ ಮಾದರಿಯ ಬಿಡಿಭಾಗ ಬೇಕಾದವರು ಸುತ್ತಿ ಸುತ್ತಿ ಅದೇ ಕೆಲವು ಮೆಕ್ಯಾನಿಕ್‌ಗಳ ಹತ್ತಿರ ಬರಬೇಕು. ನಮ್ಮ ದೊಡ್ಡಪ್ಪನ ಕಾರಿಗೆ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ಕೆಲಸ ಬಿಟ್ಟು ಮನೆಯಲ್ಲಿದ್ದರು. ಫೋಟೊ ತೋರಿಸಿದೆ. ತುಂಬಾ ಹೊತ್ತು ನೋಡಿ, ಈ ಗಾಡಿಗೆ ಕಾರ್ಬ್ಯುರೇಟರ್ ಕೇಳಿಕೊಂಡು ವಿಟ್ಲದಿಂದ ಒಬ್ಬರು ಬಂದಿದ್ದರು ಅಂದರು. ಅಷ್ಟೇ ಸಾಕಾಯಿತು. ಇಂಥವರ ಹತ್ತಿರ ಫೋನಿನಲ್ಲಿ ಕೇಳಬೇಡಿ. ಹೋಗಿ ಕೂತು ಮಾತಾಡಿ. ತುಳು ಬಂದರೆ ತುಳುವಿನಲ್ಲೇ ಮಾತಾಡಿ.

ಕಾರು ಕಣ್ಣಿಗೆ ಬಿದ್ದ ಕೂಡಲೇ ಎಳೆದುಕೊಂಡು ಬರುವ ಯೋಚನೆ ಮಾಡಬೇಡಿ. ಹಾಗೆ ಮಾಡಿದರೆ ಕೇಸ್ ನಿಮ್ಮ ಮೇಲೇ ಬೀಳುತ್ತದೆ. ಅವರು ಒಪ್ಪಿದರೆ ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದುಕೊಳ್ಳಿ, ಫೋಟೊ ತೆಗೆಯಿರಿ. ನಂಬರ್ ಹೊಂದಿದರೆ ವಕೀಲರ ಹತ್ತಿರ ಹೋಗಿ.

ಕಾನೂನು ಮೂಲತಃ ನಿಮ್ಮ ಪರವಾಗಿದೆ. ತನ್ನದಲ್ಲದ ವಸ್ತುವನ್ನು ಮಾರಿದವನಿಂದ ಕೊಂಡವನಿಗೆ ಸಾಮಾನ್ಯವಾಗಿ ಮಾಲೀಕತ್ವ ಬರುವುದಿಲ್ಲ. ಸತ್ತವರ ಬಳಿ ಇದ್ದ ವಸ್ತುವನ್ನು ವಾರಸುದಾರರ ಕೈಗೆ ಸೇರುವ ಮೊದಲೇ ಮೋಸದಿಂದ ತನ್ನದು ಮಾಡಿಕೊಳ್ಳುವುದು ಪ್ರತ್ಯೇಕ ಅಪರಾಧವೇ ಆಗಿದೆ. ಹಳೆ ದಂಡ ಸಂಹಿತೆಯಲ್ಲಿ ಅದು 404ನೇ ಕಲಂ, 2024ರ ಜುಲೈ 1ರ ನಂತರದ ಘಟನೆಯಾದರೆ ಭಾರತೀಯ ನ್ಯಾಯ ಸಂಹಿತೆಯ 315. ಆದರೆ ವಸ್ತು ವಾಪಸ್ ಕೊಡಿಸಿ ಅಂತ ಸಿವಿಲ್ ಕೋರ್ಟಿಗೆ ಹೋಗಲು ಮೂರೇ ವರ್ಷದ ಗಡುವು. ಕಳೆದುಹೋದ ಅಥವಾ ಕಳವಾದ ವಸ್ತುವಿಗೆ, ಅದು ಯಾರ ಕೈಯಲ್ಲಿದೆ ಅಂತ ನಿಮಗೆ ಮೊದಲು ಗೊತ್ತಾದ ದಿನದಿಂದ ಲೆಕ್ಕ. ಆ ತಾರೀಖನ್ನು ಬರೆದಿಡಿ. ವರ್ಕ್‌ಶಾಪಿನಲ್ಲೇ ಉಳಿದಿದ್ದರೆ ಮಾಡಿದ ಕೆಲಸದ ಬಿಲ್ಲು ಕೊಡುವ ತನಕ ಕಾರು ಇಟ್ಟುಕೊಳ್ಳುವ ಹಕ್ಕು ಅವರಿಗಿದೆ. ಅದು ನ್ಯಾಯವೇ. ಮಾರುವ ಹಕ್ಕು ಮಾತ್ರ ಅದರಿಂದ ಬರುವುದಿಲ್ಲ.

ಇಷ್ಟಾದರೂ ನನ್ನ ಸಲಹೆ ಮೊದಲು ಮಾತುಕತೆ. ವಿಟ್ಲದ ಆ ಮನೆಯವರು ಕಳ್ಳರಲ್ಲ. ಬ್ರೋಕರ್ ಒಬ್ಬನಿಗೆ ದುಡ್ಡು ಕೊಟ್ಟು, ಆರ್‌ಸಿ ಆಮೇಲೆ ಬರುತ್ತದೆ ಅನ್ನುವ ಮಾತು ನಂಬಿ ಕೊಂಡವರು. ಮಳೆಗೆ ತುಕ್ಕು ಹಿಡಿಯದ ಹಾಗೆ ನೋಡಿಕೊಂಡಿದ್ದರು. ದೊಡ್ಡಮ್ಮ ಅವರ ಮನೆಗೆ ಹೋಗಿ, ನೀವು ಇದಕ್ಕೆ ಖರ್ಚು ಮಾಡಿದ್ದು ನಮಗೆ ಬಿಟ್ಟಿ ಬೇಡ, ಕಾರು ಮಾತ್ರ ಕೊಡಿ ಅಂದರು. ಬಾಡಿ ಕೆಲಸದ ದುಡ್ಡು ಕೊಟ್ಟೆವು. ಸ್ಟಾಂಪ್ ಪೇಪರಿನಲ್ಲಿ ಬರೆದು, ಎರಡೂ ಕಡೆಯವರು ಸಹಿ ಹಾಕಿದೆವು. ಕೋರ್ಟಿಗೆ ಹೋಗಿದ್ದರೆ ಆ ಕಾರು ಯಾವುದಾದರೂ ಸ್ಟೇಷನ್ನಿನ ಅಂಗಳದಲ್ಲಿ ಮಳೆಗೆ ಕೊಳೆಯುತ್ತಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಹೆಸರಿಗೆ ಮಾಡಿಸಲು ತಹಶೀಲ್ದಾರರಿಂದ ವಾರಸು ಪ್ರಮಾಣಪತ್ರ ಬೇಕು. ವಿಲೇಜ್ ಆಫೀಸಿನಿಂದ ವಿಚಾರಣೆ ನಡೆಯುತ್ತದೆ, ಸಮಯ ಹಿಡಿಯುತ್ತದೆ. ಸೋದರಮಾವನಿಗೆ ಸೋದರಳಿಯನೇ ವಾರಸುದಾರ ಅಂತ ನಿಮ್ಮಷ್ಟಕ್ಕೆ ತೀರ್ಮಾನಿಸಬೇಡಿ. ಹೆಂಡತಿ ಮಕ್ಕಳು ಇದ್ದರೆ ಹಕ್ಕು ಅವರದ್ದು. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಕುಟುಂಬವಾಗಿದ್ದರೆ ಲೆಕ್ಕ ಇನ್ನೂ ಬೇರೆ, ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಫಾರಂ 31, ಡೂಪ್ಲಿಕೇಟ್ ಆರ್‌ಸಿಗೆ ಫಾರಂ 26, ಇವು ಬೇಕಾಗುತ್ತವೆ.

50 ವರ್ಷ ದಾಟಿದ ಕಾರಾದ್ದರಿಂದ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿಗೂ ಅವಕಾಶ ಇದೆ. 10 ವರ್ಷಕ್ಕೆ ನಡೆಯುತ್ತದೆ. ಹಳೆ ನಂಬರ್ ಉಳಿಸಿಕೊಳ್ಳಬಹುದು. ಆದರೆ ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಷ್ಟಕ್ಕೇ ರಸ್ತೆಗೆ ಇಳಿಸಬೇಕು. ಮನೆಯವರನ್ನು ಕೂರಿಸಿಕೊಂಡು ಮಧೂರು ದೇವಸ್ಥಾನಕ್ಕೆ ಹೋಗುವ ಆಸೆ ಇದ್ದರೆ ಮಾಮೂಲಿ ನೋಂದಣಿಯನ್ನೇ ನವೀಕರಿಸಿ. ಡೀಸೆಲ್ ಎಂಜಿನ್ ಕೂರಿಸಿದ್ದರೆ ವಿಂಟೇಜ್ ಸಿಗುವುದೇ ಕಷ್ಟ, ಕಾರು ಮೂಲ ರೂಪದಲ್ಲಿರಬೇಕು ಅನ್ನುತ್ತದೆ ನಿಯಮ.

ಕಾರು ಎಷ್ಟೇ ಚೆನ್ನಾಗಿ ಕಂಡರೂ ಓಡಿಸಿಕೊಂಡು ಬರಬೇಡಿ. ಇನ್ಶೂರೆನ್ಸ್ ಇರುವುದಿಲ್ಲ, ಬ್ರೇಕಿನ ರಬ್ಬರ್ ಒಣಗಿರುತ್ತದೆ. ಲಾರಿಗೆ ಹಾಕಿಸಿ ತನ್ನಿ. ಒಪ್ಪಂದದ ಕಾಗದ, ಮರಣ ಪ್ರಮಾಣಪತ್ರ, ವಾರಸು ಪ್ರಮಾಣಪತ್ರ ಮೂರರ ನಕಲೂ ಲಾರಿ ಡ್ರೈವರ್ ಕೈಯಲ್ಲಿರಲಿ. ನಿಮ್ಮ ಕಾರಿನ ಚಾಸಿಸ್ ನಂಬರ್ ಸಿಕ್ಕಿದ ದಿನ ಅದನ್ನು ಇಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆಯಬೇಡಿ. ಹಳೆ ನಂಬರಿನ ಮೊದಲ ಮೂರು ಅಕ್ಷರ ಮಾತ್ರ ಬರೆಯಿರಿ, ಯಾವ ಕಚೇರಿಗೆ ಹೋಗಬೇಕು ಅಂತ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.