ಪರಮಾಣುವಿನ ಒಳಗೆಲ್ಲ ಖಾಲಿ ಅಂದಮೇಲೆ ಕಲ್ಲು ಯಾಕೆ ಗಟ್ಟಿ?

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ದಾವಣಗೆರೆಯಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ನಿಮ್ಮ ಮಗಳು, ಪರಮಾಣುವಿನ ಒಳಗೆ ಬಹುಪಾಲು ಖಾಲಿ ಜಾಗ ಎಂದು ಪಾಠದಲ್ಲಿ ಓದಿದ್ದಾಳೆ. ಹಾಗಾದರೆ ಗೋಡೆಯೊಳಗೆ ಕೈ ಯಾಕೆ ತೂರುವುದಿಲ್ಲ, ನೀರೊಳಗೆ ಮಾತ್ರ ಯಾಕೆ ಸಲೀಸಾಗಿ ಇಳಿಯುತ್ತದೆ ಎಂದು ಕೇಳಿದ್ದಾಳೆ. ಅವಳಿಗೆ ಹೇಗೆ ಹೇಳಲಿ ಎಂಬುದು ನಿಮ್ಮ ಪ್ರಶ್ನೆ.

ನಾನು ಚಿತ್ರದುರ್ಗದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವನು. ಇದನ್ನು ಮಕ್ಕಳ ಪ್ರಶ್ನೆ ಎಂದು ದಯವಿಟ್ಟು ಪಕ್ಕಕ್ಕೆ ಇಡಬೇಡಿ. 1931ರಲ್ಲಿ ಪಾಲ್ ಎರೆನ್‌ಫೆಸ್ಟ್ ಎಂಬ ಭೌತವಿಜ್ಞಾನಿ ವುಲ್ಫ್‌ಗಾಂಗ್ ಪೌಲಿಯವರ ಮುಂದೆ ಇಟ್ಟದ್ದೂ ಹೆಚ್ಚುಕಮ್ಮಿ ಇದನ್ನೇ: ಒಂದು ಕಲ್ಲು ಇಷ್ಟೊಂದು ಜಾಗ ಹಿಡಿದು ಕೂತಿದೆಯಲ್ಲ, ಯಾಕೆ?

ಮೊದಲೇ ಉತ್ತರ ಹೇಳಿಬಿಡುತ್ತೇನೆ. ಪರಮಾಣು ಖಾಲಿ ಎನ್ನುವುದು ಆಲ್ಫಾ ಕಣದ ಪಾಲಿಗೆ, ಅಂದರೆ ರೇಡಿಯಂನಂಥ ಧಾತುಗಳಿಂದ ಚಿಮ್ಮುವ ಧನ ವಿದ್ಯುತ್ತಿನ ಸಣ್ಣ ಕಣದ ಪಾಲಿಗೆ, ನಿಜ. ನಮ್ಮ ಕೈಯ ಪಾಲಿಗೆ ನಿಜ ಅಲ್ಲ.

ಈ ಖಾಲಿಯ ಮಾತು ಹುಟ್ಟಿದ್ದೇ ಆಲ್ಫಾ ಕಣದಿಂದ. 1909ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರುದರ್‌ಫೋರ್ಡ್ ಅವರ ಲ್ಯಾಬಿನಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ತೀರಾ ತೆಳುವಾದ ಚಿನ್ನದ ಹಾಳೆಗೆ ಆಲ್ಫಾ ಕಣಗಳನ್ನು ಹಾಯಿಸಿ ನೋಡಿದರು. ಬಹುತೇಕ ಕಣಗಳು ಅಲ್ಲಿ ಏನೂ ಇಲ್ಲವೇನೋ ಎಂಬಂತೆ ನೆಟ್ಟಗೆ ದಾಟಿಹೋದವು. ಸಾವಿರಾರು ಕಣಗಳಲ್ಲಿ ಒಂದು ಮಾತ್ರ ಬಂದ ಕಡೆಗೇ ಸಿಡಿಯಿತು. 1911ರಲ್ಲಿ ರುದರ್‌ಫೋರ್ಡ್ ಇದರ ಅರ್ಥ ಬಿಡಿಸಿದರು: ಪರಮಾಣುವಿನ ತೂಕ ಹೆಚ್ಚುಕಮ್ಮಿ ಎಲ್ಲವೂ ನಟ್ಟನಡುವಿನ ಒಂದು ಸಣ್ಣ ಬೀಜಕೇಂದ್ರದಲ್ಲಿ ಸೇರಿಕೊಂಡಿದೆ. ಅದರಲ್ಲಿ ಧನ ವಿದ್ಯುತ್ತಿನ ಪ್ರೋಟಾನುಗಳಿವೆ. ಜೊತೆಗೆ ವಿದ್ಯುತ್ತೇ ಇಲ್ಲದ ನ್ಯೂಟ್ರಾನುಗಳೂ ಇವೆ ಎಂದು 1932ರಲ್ಲಿ ಚಾಡ್ವಿಕ್ ತೋರಿಸಿದರು. ಸುತ್ತ ಇರುವುದು ಋಣ ವಿದ್ಯುತ್ತಿನ ಎಲೆಕ್ಟ್ರಾನು. ಒಂದು ಪ್ರೋಟಾನಿನ ತೂಕಕ್ಕೆ 1,836 ಎಲೆಕ್ಟ್ರಾನು ಬೇಕು, ಅಷ್ಟು ಹಗುರ.

ಅಳತೆ ಮನಸ್ಸಿಗೆ ಬರಬೇಕಾದರೆ ಕಲ್ಲಿನಲ್ಲಿ ಧಾರಾಳವಾಗಿರುವ ಸಿಲಿಕಾನನ್ನೇ ತೆಗೆದುಕೊಳ್ಳಿ. ಅದರ ಬೀಜಕೇಂದ್ರವನ್ನು ಒಂದು ಶೇಂಗಾ ಬೀಜದಷ್ಟು ದೊಡ್ಡದು ಮಾಡಿದರೆ, ಇಡೀ ಪರಮಾಣು ಸುಮಾರು 300 ಮೀಟರ್ ಅಗಲದ ಬಯಲಾಗುತ್ತದೆ. ಬಯಲ ನಡುವೆ ಒಂದೇ ಒಂದು ಶೇಂಗಾ.

ಪಾಠ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಮಕ್ಕಳ ತಲೆಯಲ್ಲಿ ಉಳಿಯುವುದು ಖಾಲಿ ಬಯಲು, ಅದರಲ್ಲಿ ಸುತ್ತುವ ಸಣ್ಣ ಗುಂಡುಗಳು. 1913ರ ಬೋರ್ ಮಾದರಿಯ ಉಂಗುರದ ಚಿತ್ರ ಇದನ್ನು ಇನ್ನೂ ಗಟ್ಟಿ ಮಾಡುತ್ತದೆ. ಆದರೆ 1926ರ ಹೊತ್ತಿಗೆ ಶ್ರೋಡಿಂಗರ್ ಮುಂತಾದವರು ಈ ಚಿತ್ರವನ್ನು ದಾಟಿ ಮುಂದೆ ಹೋಗಿದ್ದರು. ಎಲೆಕ್ಟ್ರಾನು ಗೊತ್ತಾದ ದಾರಿಯಲ್ಲಿ ಓಡುವ ಗುಂಡಲ್ಲ. ಅದು ಅಲೆಯಂತೆ ಹರಡಿಕೊಂಡಿರುತ್ತದೆ. ಈ ಕ್ಷಣ ಇಲ್ಲಿದೆ, ಮುಂದಿನ ಕ್ಷಣ ಅಲ್ಲಿದೆ ಎನ್ನುವ ಹಾಗಿಲ್ಲ. ಬಯಲಿನ ಉದ್ದಗಲಕ್ಕೂ ಅದು ಸಿಗುವ ಸಾಧ್ಯತೆ ಇದ್ದೇ ಇರುತ್ತದೆ, ಕೆಲವೆಡೆ ಜಾಸ್ತಿ, ಕೆಲವೆಡೆ ಕಮ್ಮಿ. ಅಂದರೆ ಆ ಬಯಲು ಖಾಲಿ ಬಿದ್ದಿಲ್ಲ. ಎಲೆಕ್ಟ್ರಾನೇ ಅದನ್ನು ತುಂಬಿಕೊಂಡಿದೆ.

ಹಾಗಾದರೆ ಆಲ್ಫಾ ಕಣ ದಾಟಿದ್ದು ಹೇಗೆ? ಅದು ಎಲೆಕ್ಟ್ರಾನಿಗಿಂತ ಸುಮಾರು 7,300 ಪಟ್ಟು ಭಾರ. ಸೆಕೆಂಡಿಗೆ 15 ಸಾವಿರ ಕಿಲೋಮೀಟರ್ ಆಸುಪಾಸಿನ ವೇಗ ಬೇರೆ. ಅಷ್ಟು ಭಾರವಾದದ್ದು ಅಷ್ಟು ವೇಗದಲ್ಲಿ ಬಂದರೆ ಹಗುರ ಎಲೆಕ್ಟ್ರಾನು ಅದನ್ನು ತಿರುಗಿಸಲಾರದು. ತಿರುಗಿಸಿದರೆ ಬೀಜಕೇಂದ್ರವೇ ತಿರುಗಿಸಬೇಕು. ನಮ್ಮ ಕೈಗೆ ಆ ವೇಗ ಎಲ್ಲಿಂದ ಬರಬೇಕು, ಅಲ್ವಾ? ಮೇಲಾಗಿ ಕೈಯೂ ಪರಮಾಣುಗಳಿಂದಲೇ ಆದದ್ದು, ಅದರ ಹೊರಭಾಗದಲ್ಲೂ ಎಲೆಕ್ಟ್ರಾನುಗಳೇ.

ಕೈ ಗೋಡೆಯಿಂದ ದೂರ ಇರುವಾಗ ಎರಡರ ನಡುವೆ ಯಾವ ತಕರಾರೂ ಇಲ್ಲ. ಪ್ರೋಟಾನು ಎಷ್ಟೋ ಎಲೆಕ್ಟ್ರಾನೂ ಅಷ್ಟೇ ಇರುವುದರಿಂದ ಒಟ್ಟು ಲೆಕ್ಕ ಸೊನ್ನೆ. ತೀರಾ ಹತ್ತಿರ ಬಂದು ಹೊರಗಿನ ಎಲೆಕ್ಟ್ರಾನುಗಳು ಒಂದರ ಜಾಗದೊಳಗೆ ಒಂದು ನುಗ್ಗಬೇಕಾದಾಗ ತಡೆ ಶುರುವಾಗುತ್ತದೆ. ಒಂದೇ ವಿದ್ಯುತ್ತಿನವು ಒಂದನ್ನೊಂದು ದೂಡುತ್ತವೆ, ಅದು ಎಲ್ಲರಿಗೂ ಗೊತ್ತು. ಆದರೆ ದೊಡ್ಡ ಕಾರಣ ಅದಲ್ಲ. 1925ರಲ್ಲಿ ಪೌಲಿ ಕಂಡುಕೊಂಡ ನಿಯಮವೊಂದಿದೆ: ಎರಡು ಎಲೆಕ್ಟ್ರಾನುಗಳು ಎಲ್ಲ ರೀತಿಯಲ್ಲೂ ಒಂದೇ ಸ್ಥಿತಿಯಲ್ಲಿ ಇರುವ ಹಾಗಿಲ್ಲ. ತುಂಬಿದ ಜಾಗಕ್ಕೆ ಇನ್ನೊಂದನ್ನು ತುರುಕಬೇಕೆಂದರೆ ಅದು ಹೆಚ್ಚು ಶಕ್ತಿಯ ಸ್ಥಿತಿಗೆ ಏರಬೇಕು. ಆ ಶಕ್ತಿ ನಮ್ಮ ತೋಳಿನಲ್ಲಿಲ್ಲ. 1967ರಲ್ಲಿ ಫ್ರೀಮನ್ ಡೈಸನ್ ಮತ್ತು ಆಂಡ್ರ್ಯೂ ಲೆನಾರ್ಡ್ ಇದನ್ನು ಗಣಿತದಲ್ಲೇ ಸಾಧಿಸಿ ತೋರಿಸಿದರು. ಪೌಲಿ ನಿಯಮ ಇರುವುದರಿಂದಲೇ ವಸ್ತು ತನ್ನ ಗಾತ್ರ ಉಳಿಸಿಕೊಂಡಿದೆ, ಇಲ್ಲದಿದ್ದರೆ ಕುಸಿದು ಒತ್ತೊತ್ತಾಗಿ ಸೇರಿಹೋಗುತ್ತಿತ್ತು. ನಮ್ಮ ಕೋಟೆಯ ಬೆಟ್ಟದಲ್ಲಿ ಬಂಡೆಯ ಮೇಲೆ ಬಂಡೆ ಕೂತಿದೆಯಲ್ಲ, ಮೇಲಿನದು ಕೆಳಗಿನದರೊಳಗೆ ಇಳಿಯದೆ ನಿಂತಿರುವುದು ಈ ನಿಯಮದ ಆಸರೆಯಲ್ಲೇ. ಇದನ್ನು ಹೈಸ್ಕೂಲಿನಲ್ಲಿ ಒಂದು ಸಾಲಿನಲ್ಲಾದರೂ ಹೇಳಬೇಕು ಎನ್ನುವುದು ನನ್ನ ಬಲವಾದ ಅಭಿಪ್ರಾಯ.

ಕಲ್ಲು ಗಟ್ಟಿ ಇರಲು ಇನ್ನೊಂದು ಕಾರಣವೂ ಬೇಕು. ತೂರದಂತೆ ತಡೆದರೆ ಸಾಲದು, ಪರಮಾಣುಗಳು ಒಂದನ್ನೊಂದು ಹಿಡಿದೂ ಇರಬೇಕು. ಇದನ್ನು ಕಣ್ಣಾರೆ ತೋರಿಸಬಹುದು. ಮನೆ ಕಟ್ಟುವ ಜಾಗದಿಂದ ಗ್ರಾನೈಟಿನ ಒಂದು ಜಲ್ಲಿ ಕಲ್ಲು ತನ್ನಿ. ಒಡೆದ ಮುಖವನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಗಾಜಿನ ಚೂರಿನಂತೆ ಕಾಣುವುದು ಬೆಣಚು. ಬಿಳಿಯೋ ನಸುಗೆಂಪೋ ಇರುವ ದೊಡ್ಡ ಕಾಳುಗಳು ಫೆಲ್ಡ್‌ಸ್ಪಾರ್. ಕಪ್ಪಗೆ ಫಳಫಳ ಹೊಳೆಯುವ ತೆಳು ಹಲ್ಲೆಗಳು ಕಾಗೆಬಂಗಾರ.

ಬೆಣಚಿನ ಮೇಲೆ ಚಾಕುವಿನ ಮೊನೆ ಎಳೆಯಿರಿ. ಗೀರು ಬೀಳುವುದಿಲ್ಲ. ಒಂದು ಬೂದು ಗೆರೆ ಮೂಡಬಹುದು, ಅದು ಚಾಕುವಿನ ಲೋಹವೇ ಸವೆದು ಅಂಟಿದ್ದು. ಈಗ ಸೂಜಿಯ ಮೊನೆಯಿಂದ ಕಾಗೆಬಂಗಾರದ ಅಂಚನ್ನು ಎಬ್ಬಿಸಿ. ಪದರ ಪದರವಾಗಿ ಏಳುತ್ತದೆ. ಎರಡರಲ್ಲೂ ಮುಖ್ಯವಾಗಿ ಇರುವುದು ಸಿಲಿಕಾನ್ ಮತ್ತು ಆಕ್ಸಿಜನ್ನೇ. ಹಾಗಿದ್ದೂ ಇಷ್ಟು ವ್ಯತ್ಯಾಸ ಯಾಕೆ ಎಂದು ಮಗಳನ್ನೇ ಕೇಳಿ, ಸ್ವಲ್ಪ ಹೊತ್ತು ಯೋಚಿಸಲಿ.

ವ್ಯತ್ಯಾಸ ಇರುವುದು ಜೋಡಣೆಯಲ್ಲಿ. ಸಿಲಿಕಾನಿನ ಹೊರಗಿನ ಕವಚದಲ್ಲಿ ನಾಲ್ಕು ಎಲೆಕ್ಟ್ರಾನು. ಆಕ್ಸಿಜನ್ನಿಗೆ ಹೊರಗಡೆ ಆರಿವೆ, ಕವಚ ತುಂಬಲು ಬೇಕಾದ ಎಂಟಕ್ಕೆ ಎರಡು ಕಮ್ಮಿ. ಹಾಗಾಗಿ ಒಂದೊಂದು ಸಿಲಿಕಾನ್ ನಾಲ್ಕು ಆಕ್ಸಿಜನ್ನಿನ ಜೊತೆ ಎಲೆಕ್ಟ್ರಾನು ಹಂಚಿಕೊಳ್ಳುತ್ತದೆ. ಬೆಣಚಿನಲ್ಲಿ ಪ್ರತಿ ಆಕ್ಸಿಜನ್ನೂ ಎರಡು ಸಿಲಿಕಾನುಗಳ ನಡುವಿನ ಕೊಂಡಿ. ಮೇಲೆ, ಕೆಳಗೆ, ಅಕ್ಕಪಕ್ಕ, ಎಲ್ಲ ಕಡೆಗೂ ಈ ಹೆಣಿಗೆ ಹಬ್ಬಿದೆ. ಎಲ್ಲಿ ಗೀರಲು ಹೋದರೂ ಬಲವಾದ ಬಂಧಗಳನ್ನೇ ಮುರಿಯಬೇಕು. ಕಾಗೆಬಂಗಾರದಲ್ಲಿ ಇದೇ ಹೆಣಿಗೆ ಹಾಳೆಯ ಒಳಗೆ ಮಾತ್ರ ಬಿಗಿ. ಹಾಳೆ ಮತ್ತು ಹಾಳೆಯ ನಡುವೆ ಇರುವುದು ಪೊಟ್ಯಾಸಿಯಂ, ಅದರ ಹಿಡಿತ ಸಡಿಲ. ಸೂಜಿ ಬಿಡಿಸಿದ್ದು ಅಲ್ಲಿ.

ಹೇಳದೆ ಇರಲಾರೆ: ಆ ಕಲ್ಲಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಆಕ್ಸಿಜನ್. ನಾವು ಉಸಿರಾಡುವ ಅದೇ ಧಾತು. ಎಷ್ಟು ಸಲ ಹೇಳಿದರೂ ನನಗೆ ಇದು ಹಳತಾಗಿಲ್ಲ.

ನಮ್ಮೂರ ಹತ್ತಿರದ ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಗಣಿ ಇತ್ತು. ಅದಿರಿನಲ್ಲಿ ಗಂಧಕದ ಜೊತೆ ಸೇರಿರುವಾಗ ತಾಮ್ರ ಬಡಿದರೆ ಪುಡಿಯಾಗುತ್ತದೆ. ಬೇರ್ಪಡಿಸಿ ಲೋಹವಾದಮೇಲೆ ಬಡಿದರೆ ಬಾಗುತ್ತದೆ, ಎಳೆದರೆ ತಂತಿಯಾಗುತ್ತದೆ. ಲೋಹದಲ್ಲಿ ಹೊರಗಿನ ಎಲೆಕ್ಟ್ರಾನು ಯಾವ ಒಂದು ಪರಮಾಣುವಿನ ಸ್ವತ್ತೂ ಅಲ್ಲ, ಇಡೀ ತುಂಡಿಗೆ ಸೇರಿದ್ದು. ಪರಮಾಣುಗಳು ಸ್ವಲ್ಪ ಜಾರಿದರೂ ಹಿಡಿತ ತಪ್ಪುವುದಿಲ್ಲ. ಕರೆಂಟು ಹರಿಯುವುದೂ ಇದೇ ಕಾರಣಕ್ಕೆ.

ಇನ್ನು ನೀರು. ಕೈ ನೀರಿಗೆ ಇಳಿದಾಗಲೂ ಅದು ಯಾವ ಪರಮಾಣುವನ್ನೂ ತೂರಿ ಹೋಗುವುದಿಲ್ಲ. ಇದನ್ನು ಮಗಳಿಗೆ ಒತ್ತಿ ಹೇಳಿ. ನೀರಿನ ಒಂದು ಅಣುವಿನಲ್ಲಿ ಎರಡು ಹೈಡ್ರೋಜನ್, ಒಂದು ಆಕ್ಸಿಜನ್, ಇವುಗಳ ನಡುವಿನ ಬಂಧ ಗಟ್ಟಿಯೇ. ಆದರೆ ಅಣುವಿಗೂ ಅಣುವಿಗೂ ಇರುವ ಹಿಡಿತ ದುರ್ಬಲ, ಕ್ಷಣಕ್ಷಣವೂ ಬಿಟ್ಟು ಮತ್ತೆ ಸೇರುತ್ತಿರುತ್ತದೆ. ಕೈ ಇಟ್ಟರೆ ಅಣುಗಳು ಸರಿದು ದಾರಿ ಬಿಡುತ್ತವೆ. ಗೋಡೆಯಲ್ಲಿ ಸರಿಯಲು ಆಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಕೊನೆಗೆ ಚಿತ್ರದ ವಿಷಯ. ಪರೀಕ್ಷೆಯಲ್ಲಿ ಸಿಲಿಕಾನ್ ಕೇಳಿದರೆ 2, 8, 4 ಎಂದು ಉಂಗುರ ಹಾಕಿಯೇ ಬರೆಯಲಿ. ಎಷ್ಟು ಎಲೆಕ್ಟ್ರಾನು ಯಾವ ಕವಚದಲ್ಲಿದೆ ಎಂಬ ಲೆಕ್ಕಕ್ಕೆ ಅದು ಒಳ್ಳೆಯ ಚಿತ್ರ. ನೋಟ್‌ಬುಕ್ಕಿನ ಪಕ್ಕದಲ್ಲಿ ಇನ್ನೊಂದು ಬರೆಸಿ: ನಡುವೆ ಪೆನ್ಸಿಲಿನ ಒಂದು ಚುಕ್ಕೆ, ಸುತ್ತಲೂ ಬೆರಳಿಂದ ತೀಡಿದ ಮಬ್ಬು, ಅಂಚಿಗೆ ಗೆರೆ ಬೇಡ. ಪಿಯುಸಿಯಲ್ಲಿ ಆರ್ಬಿಟಲ್, ಅಂದರೆ ಎಲೆಕ್ಟ್ರಾನು ಹರಡಿಕೊಂಡಿರುವ ಬಗೆಯ ಪಾಠ ಬಂದಾಗ ಅವಳಿಗೆ ಬೇಕಾಗುವುದು ಈ ಎರಡನೇ ಚಿತ್ರ.