ಪೋರ್ಟ್ ತೆಗೆದರೂ ಹೃದಯದಲ್ಲಿ ಉಳಿದ ಟ್ಯೂಬ್

ಪ್ರಶ್ನೆ: ಅಮ್ಮನಿಗೆ 61 ವರ್ಷ. 6 ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಕೀಮೋಗೆಂದು ಎದೆಯಲ್ಲಿ ಪೋರ್ಟ್ (ಔಷಧಿ ಹಾಕುವ, ಟ್ಯೂಬ್ ಇರುವ ಪುಟ್ಟ ಡಬ್ಬಿ) ಇಟ್ಟು, ಆಮೇಲೆ ತೆಗೆದಿದ್ದರು. ಹೋದ ತಿಂಗಳು ಹೃದಯದ ಮೈಟ್ರಲ್ ವಾಲ್ವ್ (ಕವಾಟ) ಆಪರೇಷನ್ ಆಯಿತು. ಹೃದಯದ ಬಲಭಾಗದಲ್ಲಿ ಸಿಕ್ಕಿತು ಅಂತ ಸರ್ಜನ್ ಬೆರಳುದ್ದದ ಟ್ಯೂಬ್ ತೋರಿಸಿದರು. ಇಷ್ಟು ವರ್ಷ ಯಾರಿಗೂ ಕಾಣಲಿಲ್ಲವಾ? ಇದು ಯಾರ ತಪ್ಪು? ಈಗೇನು ಮಾಡಬೇಕು?

ಉತ್ತರ: ಸಿಕ್ಕಿದ್ದು ಬಹುಶಃ ಆ ಪೋರ್ಟಿನ ಟ್ಯೂಬೇ. ಪೋರ್ಟನ್ನು ಕಾಲರ್ ಮೂಳೆಯ ಕೆಳಗೆ ಚರ್ಮದೊಳಗೆ ಕೂರಿಸಿ, ಟ್ಯೂಬನ್ನು ರಕ್ತನಾಳದ ಮೂಲಕ ಹೃದಯದ ಹತ್ತಿರದವರೆಗೆ ಬಿಟ್ಟಿರುತ್ತಾರೆ. ಕೆಲವರಲ್ಲಿ ಅದು ಕಾಲರ್ ಮೂಳೆಗೂ ಮೊದಲ ಪಕ್ಕೆಲುಬಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಕೈ ಎತ್ತಿ ಇಳಿಸಿದಾಗಲೆಲ್ಲ ಎರಡೂ ಮೂಳೆ ಸೇರಿ ಹಿಸುಕುತ್ತವೆ. ತಿಂಗಳುಗಟ್ಟಲೆ ಹೀಗಾದರೆ ಟ್ಯೂಬ್ ಸೀಳು ಬಿಟ್ಟು ತುಂಡಾಗಬಹುದು. ತುಂಡು ರಕ್ತದ ಜೊತೆ ಹೃದಯದ ಬಲಭಾಗಕ್ಕೋ, ಅಲ್ಲಿಂದ ಶ್ವಾಸಕೋಶದ ರಕ್ತನಾಳಕ್ಕೋ ಹೋಗುತ್ತದೆ. ಎಷ್ಟೋ ಜನರಿಗೆ ಏನೂ ಗೊತ್ತಾಗುವುದಿಲ್ಲ.

ಎಕ್ಸ್-ರೇಯಲ್ಲಿ ಟ್ಯೂಬ್ ತೆಳು ಗೆರೆಯಷ್ಟೇ. ಹೃದಯದ ನೆರಳಿನ ಮೇಲೆ ಬಿದ್ದರೆ, ಹುಡುಕಿದವರಿಗೆ ಮಾತ್ರ ಕಾಣುತ್ತದೆ. ಎಕೋ (ಹೃದಯದ ಸ್ಕ್ಯಾನ್) ಮಾಡುವಾಗಲೂ ಗಮನವೆಲ್ಲ ಕೆಟ್ಟ ವಾಲ್ವ್ ಮೇಲೇ ಇರುತ್ತದೆ, ಅಲ್ವಾ? ಮೈಟ್ರಲ್ ವಾಲ್ವ್ ಇರುವುದು ಎಡಭಾಗದಲ್ಲಿ. ಆದರೆ ಕೆಲವು ಸರ್ಜನ್‌ಗಳು ಬಲ ಮೇಲ್ಕೋಣೆ ತೆರೆದು, ನಡುಗೋಡೆ ಬಿಡಿಸಿ ಅಲ್ಲಿಗೆ ಹೋಗುತ್ತಾರೆ. ಅಮ್ಮನಲ್ಲೂ ಹಾಗೇ ಕಣ್ಣಿಗೆ ಬಿದ್ದಿರಬಹುದು.

ತೊಂದರೆ ಕೊಡಲಿಲ್ಲ ಅಂತ ಸುಮ್ನೆ ಬಿಡುವ ವಸ್ತುವಲ್ಲ ಅದು. ಅದರ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಸೋಂಕು ಹತ್ತಬಹುದು, ಎದೆಬಡಿತ ಏರುಪೇರಾಗಬಹುದು. ಹೀಗೆ ಹೃದಯ ಸೇರಿದ ಟ್ಯೂಬಿನಿಂದ ಸಾವು ಆದದ್ದು 1954ರಲ್ಲೇ ವರದಿಯಾಗಿದೆ. ಎದೆ ತೆರೆಯದೆ, ರಕ್ತನಾಳದ ಮೂಲಕವೇ ಹೃದಯದಲ್ಲಿ ಸಿಕ್ಕಿಕೊಂಡ ತಂತಿಯ ತುಂಡನ್ನು ಹೊರತೆಗೆದ ವರದಿ ಬಂದದ್ದು 1964ರಲ್ಲಿ. ಈಗಂತೂ ತೊಡೆಸಂದಿನ ನಾಳದಿಂದ ಕುಣಿಕೆ ಹಾಕಿ ಎಳೆಯುವುದು ರೂಢಿಯ ಕೆಲಸ. ಮೊದಲೇ ಗೊತ್ತಾಗಿದ್ದರೆ ಅಮ್ಮನಿಗೂ ಹಾಗೆ ತೆಗೆಯಬಹುದಿತ್ತು.

ಟ್ಯೂಬ್ ತುಂಡಾದದ್ದು ಯಾರ ತಪ್ಪೂ ಆಗಿರಬೇಕಿಲ್ಲ. ಆದರೆ ಪೋರ್ಟ್ ತೆಗೆದ ದಿನ ಟ್ಯೂಬ್ ಪೂರ್ತಿ ಬಂತಾ ಅಂತ ತುದಿ ನೋಡಿ, ಉದ್ದ ಅಳೆದು ಬರೆದಿಡಬೇಕು. ಅರ್ಧ ನಿಮಿಷವೂ ಬೇಡ ಅದಕ್ಕೆ. ಅದನ್ನು ಮಾಡದೆ ಬಿಟ್ಟಿದ್ದರೆ ಅದು ಖಂಡಿತ ಲೋಪ. ಹಳೆಯ ಆಸ್ಪತ್ರೆಯಿಂದ ದಾಖಲೆ ಕೇಳಿ. 2002ರ ವೈದ್ಯಕೀಯ ನಿಯಮದಂತೆ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಆದರೆ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟುಕೊಂಡರೆ ಸಾಕು ಅನ್ನುವುದೂ ಅದೇ ನಿಯಮ. ಹಾಗಾಗಿ ಮನೆಯಲ್ಲಿರುವ ಫೈಲನ್ನೂ ಹುಡುಕಿ.

ಅದಕ್ಕಿಂತ ಮೊದಲು ಈಗಿನ ಸರ್ಜನ್‌ಗೆ ಒಂದು ಮಾತು ಕೇಳಿ: ಟ್ಯೂಬ್ ಪೂರ್ತಿ ಬಂದಿದೆಯಾ? ವರ್ಷಗಟ್ಟಲೆ ಇದ್ದ ಟ್ಯೂಬ್ ಹೃದಯದ ಗೋಡೆಗೆ ಅಂಟಿ, ಅದರ ಮೇಲೆ ಪೊರೆ ಬೆಳೆದಿರಬಹುದು. ಜಗ್ಗಿದರೆ ಗೋಡೆ ಹರಿಯುವ ಭಯವಿದ್ದರೆ ಅಂಟಿದ ಭಾಗವನ್ನು ಅಲ್ಲೇ ಬಿಡುವುದೂ ಉಂಟು. ಹಾಗೆ ಬಿಟ್ಟಿದ್ದರೆ ಎಲ್ಲಿ, ಎಷ್ಟು ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿಕೊಳ್ಳಿ. ತುಂಡನ್ನು ರೋಗಾಣು ಹುಡುಕುವ ಪರೀಕ್ಷೆಗೆ, ಅಂದರೆ ಕಲ್ಚರ್‌ಗೆ ಕಳಿಸಿದ್ದರೆ ಆ ರಿಪೋರ್ಟೂ ಬೇಕು.

ಅಮ್ಮನಿಗೆ ಚಳಿಜ್ವರ ಬಂದರೆ ಅದು ಹೃದಯದ ಸೋಂಕಿರಬಹುದು, ಮೆಡಿಕಲ್ ಶಾಪಿನ ಆ್ಯಂಟಿಬಯಾಟಿಕ್ ಕೊಡಬೇಡಿ. ಆಪರೇಷನ್ ಮಾಡಿದವರ ಹತ್ತಿರ ಕೂಡಲೇ ಕರೆದುಕೊಂಡು ಹೋಗಿ, ಔಷಧಿ ಶುರುವಾಗುವ ಮುಂಚೆ ಬ್ಲಡ್ ಕಲ್ಚರ್ ಮಾಡಿಸಿ.