ಒಮಾನ್‌ನಲ್ಲಿ ಮರಳು ಬಿಟ್ಟರೆ ನೋಡೋಕೆ ಏನಿದೆ? ಎರಡು ದಿನ ರಜೆ ಸಿಕ್ಕಿದೆ.

ಮೊದಲ ದಿನ ಮಸ್ಕತ್‌ನಿಂದ ಸೂರ್ ಕಡೆಯ ಹೆದ್ದಾರಿ ಹಿಡಿಯಿರಿ. ದಾರಿಯಲ್ಲೇ ಬಿಮ್ಮಾ ಸಿಂಕ್‌ಹೋಲ್: ಸುಣ್ಣಕಲ್ಲು ಕುಸಿದು ಆದ ಗುಂಡಿ, ತಳದಲ್ಲಿ ಹಸಿರುನೀಲಿ ನೀರು. ಅರ್ಧ ಗಂಟೆ ಸಾಕು. ಮುಂದಿನ ವಾದಿ ಶಾಬ್ ಕಣಿವೆಗೆ ಮಾತ್ರ ಅರ್ಧ ದಿನ ಬೇಕೇ ಬೇಕು. ದೋಣಿಯಲ್ಲಿ ನೀರು ದಾಟಿ, ಬಂಡೆಗಳ ಮೇಲೆ ಸುಮಾರು ಮುಕ್ಕಾಲು ಗಂಟೆ ನಡೆದು, ಕೊನೆಗೆ ಈಜಬೇಕು. ತಲೆಯಷ್ಟೇ ತೂರುವ ಸಂದಿಯ ಆಚೆ ಗುಹೆ, ಅದರೊಳಗೆ ಜಲಪಾತ! ಚಪ್ಪಲಿ ಜಾರುತ್ತದೆ, ಹಿಡಿತವಿರುವ ಶೂ ಹಾಕಿ. ಮಳೆಯ ಮುನ್ಸೂಚನೆ ಇದ್ದರೆ ಹೋಗಲೇಬೇಡಿ. ಕೆಳಗೆ ಬಿಸಿಲಿದ್ದರೂ ಬೆಟ್ಟದ ನೀರು ಕಣಿವೆಗೆ ಏಕಾಏಕಿ ನುಗ್ಗುತ್ತದೆ.

ಎರಡನೇ ದಿನ ಜೆಬೆಲ್ ಶಮ್ಸ್ ಬೆಟ್ಟ, ಎತ್ತರ ಸುಮಾರು 3,000 ಮೀಟರ್. ಫೋರ್ ವೀಲ್ ಡ್ರೈವ್ ಗಾಡಿಯೇ ಒಳ್ಳೆಯದು. ಇದೆಲ್ಲಕ್ಕೂ ನವೆಂಬರ್‌ನಿಂದ ಮಾರ್ಚ್ ಸರಿಯಾದ ಕಾಲ. ದಕ್ಷಿಣ ಒಮಾನ್‌ನ ಸಲಾಲಾ ಊರಿನ ಲೆಕ್ಕ ಉಲ್ಟಾ: ಅಲ್ಲಿ ಹಸಿರು ಕಾಣುವುದು ಜುಲೈ, ಆಗಸ್ಟ್‌ನಲ್ಲಿ.